ಮಂಡಿಯ ಕೀಲಿನಲ್ಲಿ ನೀರಿನ ಸಂಚಾರ



ಕುಟುಂಬದ ಕ್ಷೇಮವೆಂದರೆ ಬಾಣಂತಿಯ ಆರೈಕೆ, ಮಕ್ಕಳ ಪಾಲನೆ ಇವಿಷ್ಟೇ ಅಲ್ಲ. ಮಕ್ಕಳು ಬೆಳೆದು ದೊಡ್ಡವರಾದ ಮೇಲೆಯೂ ಗಂಡಹೆಂಡಿರು ಒಬ್ಬರಿಗೊಬ್ಬರು ಆಸರೆಯಾಗಿ ಬಹುಕಾಲ ದುಡಿದು ಬಾಳಬೇಕಾಗಿದೆ. ಆ ದುಡಿಮೆಗೆ ಅಡ್ಡಿಯಾಗುವ ಕಾಯಿಲೆಗಳಲ್ಲಿ ಮಂಡಿನೋವು ಮುಖ್ಯವಾದುದು. ಕಳೆ ಕಿತ್ತು ಮನೆಗೆ ಬಂದ ಗೃಹಿಣಿಯು ಕುಳಿತಲ್ಲಿಂದ ಏಳಲು ನೆಲಕ್ಕೆ ಕೈಯೂರುತ್ತಾಳೆ. ಎಕ್ಸ್-ರೇ ತೆಗೆಸಿದರೆ ಮೂಳೆಗಳು ಸರಿಯಾಗಿಯೇ ಕಾಣುತ್ತವೆ. ಆಗ ಮನೆಯವರು, "ಫೋಟೋದಲ್ಲಿ ಏನೂ ಇಲ್ಲ, ಇದು ಕೆಲಸ ತಪ್ಪಿಸುವ ನೆಪ" ಎಂದುಬಿಡುವುದುಂಟು. ಈ ತೀರ್ಮಾನವು ಸರಿಯಲ್ಲ. ಏಕೆ ಸರಿಯಲ್ಲವೆಂಬುದನ್ನು ತಮಗೆ ತಿಳಿಸುವುದೇ ಇಂದಿನ ನನ್ನ ಮಾತಿನ ಉದ್ದೇಶವಾಗಿದೆ.

ಮಂಡಿಯಲ್ಲಿ ಕೂಡುವ ಮೂಳೆಗಳ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಹೊದಿಕೆಯೊಂದಿದೆ. ಇದಕ್ಕೆ ಮೃದ್ವಸ್ಥಿ ಎಂದು ಹೆಸರು. ಇದರ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಆಗಿದೆ. ಉಳಿದ ಭಾಗದಲ್ಲಿ ಬಲೆಯಂತೆ ಹೆಣೆದುಕೊಂಡ ಕೊಲಾಜನ್ ಎಂಬ ಎಳೆಗಳೂ, ನೀರನ್ನು ಸೆಳೆದು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಎಂಬ ವಸ್ತುವೂ ಇವೆ. ವಯಸ್ಕರ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಹಾಗಾದರೆ ಅಲ್ಲಿಯ ಜೀವಕೋಶಗಳಿಗೆ ಪೋಷಣೆ ದೊರೆಯುವುದು ಹೇಗೆ? ಕೀಲಿನೊಳಗಿರುವ ಅಂಟಂಟಾದ ದ್ರವದಿಂದ. ಹೆಜ್ಜೆಯೂರಿದಾಗ ಭಾರ ಬಿದ್ದು ಮೃದ್ವಸ್ಥಿಯಿಂದ ನೀರು ತುಸುವೇ ಜಿನುಗುತ್ತದೆ. ಹೆಜ್ಜೆಯೆತ್ತಿದಾಗ ಮರಳಿ ಒಳಸೇರುತ್ತದೆ. ಈ ಸಂಚಾರವು ಪೋಷಣೆಗೆ ನೆರವಾಗುತ್ತದೆ. ಒಳಗೆ ಸಿಕ್ಕಿಕೊಂಡ ನೀರಿನ ಒತ್ತಡವೇ ಕೀಲಿನ ಮೇಲೆ ಬೀಳುವ ಭಾರದ ಬಹುಪಾಲನ್ನು ಹೊರುತ್ತದೆ.

ಎರೆಭೂಮಿಯು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಮರಳುಭೂಮಿಯು ಬಿಟ್ಟುಬಿಡುತ್ತದೆ ಎಂಬುದು ರೈತರಿಗೆ ತಿಳಿಯದ ವಿಷಯವಲ್ಲ. ಆಸ್ಟಿಯೋಆರ್ಥ್ರೈಟಿಸ್ ಎಂಬ ಕೀಲುರೋಗದಲ್ಲಿ ನೀರನ್ನು ಹಿಡಿದಿಡುವ ವಸ್ತುವು ಕ್ಷೀಣಿಸಿ, ಎಳೆಗಳ ಬಲೆಯು ಸಡಿಲಗೊಳ್ಳುತ್ತದೆ. ಮೊದಮೊದಲು ಮೃದ್ವಸ್ಥಿಯು ಹೆಚ್ಚು ನೀರು ಕುಡಿದು ಉಬ್ಬಿದರೂ, ಭಾರ ಬಿದ್ದೊಡನೆ ಆ ನೀರು ಬೇಗನೆ ಹೊರಟುಹೋಗುತ್ತದೆ. ಆಗ ಭಾರವೆಲ್ಲ ಎಳೆಗಳ ಮೇಲೆಯೂ, ಕಡೆಗೆ ಮೂಳೆಯ ಮೇಲೆಯೂ ಬಿದ್ದು ಸವೆತ ಹೆಚ್ಚುತ್ತದೆ. ಮೃದ್ವಸ್ಥಿಯಲ್ಲಿ ನರಗಳಿಲ್ಲದ ಕಾರಣ ಈ ಕೆಡುಕು ಮೊದಲಿಗೆ ಸದ್ದಿಲ್ಲದೆ ನಡೆಯುತ್ತದೆ. ನೋವು ಹುಟ್ಟುವುದು ಸುತ್ತಲಿನ ಪೊರೆ, ಮೂಳೆ ಮೊದಲಾದ ಭಾಗಗಳಿಂದ.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್-ಕಿರಣವು ಮೂಳೆಯನ್ನು ತೋರಿಸುತ್ತದೆಯೇ ಹೊರತು ಮೃದ್ವಸ್ಥಿಯನ್ನಾಗಲಿ ಅದರ ನೀರನ್ನಾಗಲಿ ತೋರಿಸದು. ನೀರನ್ನು ಕಾಣುವ ಉಪಾಯವು ಬಹುಕಾಲದ ನಂತರ ದೊರೆಯಿತು. 1973ರಲ್ಲಿ ಅಮೆರಿಕದ ಪಾಲ್ ಲಾಟರ್‌ಬರ್ ಎಂಬ ವಿಜ್ಞಾನಿಯು ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ಸಹಾಯದಿಂದ, ನೀರು ತುಂಬಿದ ಎರಡು ಸಣ್ಣ ಗಾಜಿನ ಕೊಳವೆಗಳ ಚಿತ್ರವನ್ನು ಪ್ರಕಟಿಸಿದನು. ಇಂದಿನ ಎಂ.ಆರ್.ಐ. ಪರೀಕ್ಷೆಗೆ ಇದೇ ಬುನಾದಿ. 2003ರಲ್ಲಿ ಆತನಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ ನೊಬೆಲ್ ಪಾರಿತೋಷಕ ದೊರೆಯಿತು. ಈ ವಿಧಾನದಿಂದ ಮೃದ್ವಸ್ಥಿಯಲ್ಲಿ ನೀರಿನ ಕಣಗಳು ಎಷ್ಟು ಸಲೀಸಾಗಿ ಚಲಿಸುತ್ತಿವೆಯೆಂಬುದನ್ನು ಅಳೆಯಬಹುದು. ಆರೋಗ್ಯವಂತ ಕೀಲಿನಲ್ಲಿ ಅವುಗಳ ಚಲನೆಗೆ ಕಟ್ಟುಪಾಡಿದೆ. ರೋಗಪೀಡಿತ ಕೀಲಿನಲ್ಲಿ ಆ ಕಟ್ಟು ಸಡಿಲವಾಗಿರುತ್ತದೆ. ಆರೋಗ್ಯವಂತರು ಹಲವು ಬಾರಿ ಮಂಡಿ ಮಡಿಸಿ ಎದ್ದ ಮೇಲೆ ಅವರ ಮೃದ್ವಸ್ಥಿಯು ತುಸು ತೆಳುವಾಗಿ, ವಿಶ್ರಾಂತಿಯ ನಂತರ ಮೊದಲಿನಂತಾಗುವುದನ್ನೂ ಈ ಚಿತ್ರಗಳಲ್ಲಿ ಕಾಣಲಾಗಿದೆ.

ಆದರೆ ಮಂಡಿನೋವು ಬಂದವರೆಲ್ಲರೂ ಸಾಲ ಮಾಡಿ ಈ ಪರೀಕ್ಷೆ ಮಾಡಿಸಬೇಕೆಂದು ತಾವು ಭಾವಿಸಕೂಡದು. ನೀರಿನ ಚಲನೆಯ ಅಳತೆಯು ಹೆಚ್ಚಾಗಿ ಸಂಶೋಧನೆಗೆ ಬಳಕೆಯಾಗುತ್ತಿದೆ. ಸಾಮಾನ್ಯವಾಗಿ ವೈದ್ಯರು ನೋವಿನ ಬಗೆಯನ್ನು ಕೇಳಿ, ಕೀಲನ್ನು ಮುಟ್ಟಿ ನೋಡಿಯೇ ರೋಗವನ್ನು ಗುರುತಿಸಬಲ್ಲರು. ಸವೆದ ಮೃದ್ವಸ್ಥಿಯನ್ನು ಮರಳಿ ಬೆಳೆಸುವ ಔಷಧಿ ಇನ್ನೂ ಬಂದಿಲ್ಲ. ಹಾಗೆಂದು ಮಾರುವವರನ್ನು ನಂಬಬೇಡಿ.

ಈ ಚಿತ್ರಗಳಿಂದ ನಾವು ಕಲಿಯಬೇಕಾದ ಪಾಠ ಸರಳವಾಗಿದೆ. ಕೀಲಿಗೆ ಭಾರವೂ ಬೇಕು, ಬಿಡುವೂ ಬೇಕು. ಹಾಸಿಗೆ ಹಿಡಿದು ಮಲಗಿದರೆ ನೀರಿನ ಸಂಚಾರ ಕುಗ್ಗುತ್ತದೆ. ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕುಳಿತರೆ ಹೋದ ನೀರು ಮರಳಲು ಅವಕಾಶವಿರುವುದಿಲ್ಲ. ಆದುದರಿಂದ ಪಾತ್ರೆ ತೊಳೆಯಲು, ತರಕಾರಿ ಹೆಚ್ಚಲು ಎತ್ತರದ ಕಟ್ಟೆ ಅಥವಾ ಮಣೆಯನ್ನು ಬಳಸಿರಿ. ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಜಗಲಿಯ ಮೇಲೆ ಕುಳಿತು ಒಂದೊಂದೇ ಕಾಲನ್ನು ನೆಟ್ಟಗೆ ಚಾಚಿ, ಐದು ಎಣಿಸುವವರೆಗೆ ಹಿಡಿದು ಇಳಿಸಿರಿ. ಬೆಳಿಗ್ಗೆ, ಸಂಜೆ ಹತ್ತು ಹತ್ತು ಬಾರಿ ಮಾಡಿದರೆ ತೊಡೆಯ ಸ್ನಾಯು ಬಲಗೊಳ್ಳುತ್ತದೆ. ಸ್ಥೂಲಕಾಯರು ತೂಕ ಇಳಿಸುವುದು ಅಗತ್ಯ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಅಂಥವರು 1 ಕಿಲೋಗ್ರಾಂ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಣ ಭಾರ ಸುಮಾರು 4 ಕಿಲೋಗ್ರಾಂ ಕಡಿಮೆಯಾಗುತ್ತದೆ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಮಂಡಿ ಬಾತು ಬಿಸಿಯಾಗಿ ಜ್ವರ ಬಂದರೆ, ಅಥವಾ ಕಾಲೂರಲು ಆಗದಿದ್ದರೆ, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ.

ಗೃಹಸ್ಥರಲ್ಲಿ ನನ್ನ ವಿಶೇಷ ವಿನಂತಿಯೊಂದಿದೆ. ಮಡದಿಯು ಮಂಡಿ ನೋಯುತ್ತದೆಂದಾಗ ಆಕೆಯ ಮಾತನ್ನು ನಂಬಿರಿ. ನೀರಿನ ಕೊಡವನ್ನು ತಾವು ಎತ್ತಿಕೊಳ್ಳಿರಿ. ತಾಯಂದಿರೂ ಪತಿಯ ನೋವನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದಿರಲಿ. ಕೆಲಸವನ್ನು ಹಂಚಿಕೊಂಡ ಮನೆಯಲ್ಲಿ ಇಬ್ಬರ ಕೀಲುಗಳಿಗೂ ಬಿಡುವು ದೊರೆಯುತ್ತದೆ.