ಸಹಾಯಧನದಿಂದ ಹುಟ್ಟಿದ ಉದ್ಯೋಗ ಎಷ್ಟು? ಎಣಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಹೊಲಕ್ಕೆ ಎಷ್ಟು ಮೂಟೆ ಗೊಬ್ಬರ ಹಾಕಿದೆವು ಎಂಬುದನ್ನೇ ಇಳುವರಿ ಎಂದು ಯಾವ ರೈತನೂ ಬರೆದುಕೊಳ್ಳುವುದಿಲ್ಲ. ಸುಗ್ಗಿಯಲ್ಲಿ ಅಳೆದು ನೋಡುತ್ತಾನೆ. ಗೊಬ್ಬರ ಹಾಕದ ಪಕ್ಕದ ಮಡಿಯ ಇಳುವರಿಯನ್ನು ಕಳೆದ ಮೇಲೆಯೇ ಗೊಬ್ಬರದ ಫಲವೆಷ್ಟೆಂದು ಹೇಳಬಹುದು. ಆದರೆ ಉದ್ಯೋಗಕ್ಕೆಂದು ಕೊಡುವ ಸಹಾಯಧನದ ವಿಷಯದಲ್ಲಿ ನಾವು ಈ ಕ್ರಮವನ್ನು ಮರೆಯುತ್ತೇವೆ. ಇಷ್ಟು ಹಣ ಹಂಚಲಾಯಿತು, ಇಷ್ಟು ಮಂದಿ ಫಲಾನುಭವಿಗಳು ಎಂದು ಗ್ರಾಮಸಭೆಯಲ್ಲಿ ಓದುತ್ತೇವೆ. ಕೆಲಸ ಎಷ್ಟು ಜನಕ್ಕೆ ಸಿಕ್ಕಿತು, ಎಷ್ಟು ಕಾಲ ಉಳಿಯಿತು ಎಂದು ಕೇಳುವವರು ವಿರಳ.

ಇದು ಹಳೆಯ ರೋಗ. ಹಿರಿಯರಿಗೆ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ, ಅಂದರೆ ಐ.ಆರ್.ಡಿ.ಪಿ. ನೆನಪಿರಬಹುದು. 1978ರಲ್ಲಿ ಆಯ್ದ ಬ್ಲಾಕುಗಳಲ್ಲಿ ಆರಂಭವಾದ ಇದು 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಹರಡಿತು. ಸಣ್ಣ ರೈತರಿಗೆ ಶೇಕಡಾ 25, ಅತಿ ಸಣ್ಣ ರೈತರಿಗೂ ಕೃಷಿ ಕಾರ್ಮಿಕರಿಗೂ ಮೂರನೇ ಒಂದು ಪಾಲು ಸಹಾಯಧನ. ಉಳಿದದ್ದು ಬ್ಯಾಂಕ್ ಸಾಲ. ಹೆಚ್ಚಿನವರು ಎಮ್ಮೆ, ಹಸು ಪಡೆದರು. ಹಾಲಿನ ಡೈರಿ ಇದ್ದು ಮೇವೂ ಇದ್ದ ಊರುಗಳಲ್ಲಿ ಅವು ಉಳಿದವು. ಎರಡೂ ಇಲ್ಲದ ಕಡೆ ಸಂತೆಗೆ ಹೋದವು. ಲೆಕ್ಕದಲ್ಲಿ ಮಾತ್ರ ಎರಡು ಕಡೆಯೂ ಗುರಿ ಸಾಧನೆಯೇ. ಇಂಥ ಸಾಲ-ಸಹಾಯಧನದಿಂದ ಬಡತನ ನೀಗೀತೇ ಎಂದು ಅರ್ಥಶಾಸ್ತ್ರಜ್ಞ ನೀಲಕಂಠ ರಥ್ 1985ರಲ್ಲೇ ಕೇಳಿದ್ದರು. ಕೂಲಿ ಕೆಲಸ ಒದಗಿಸುವುದಕ್ಕೆ ಹೆಚ್ಚಿನ ಸ್ಥಾನ ಕೊಡಬೇಕೆಂಬುದು ಅವರ ವಾದ. ಕಾರ್ಯಕ್ರಮವು 1999ರಲ್ಲಿ ಬೇರೊಂದು ಯೋಜನೆಯಲ್ಲಿ ವಿಲೀನವಾಯಿತು.

ಇನ್ನು 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮವನ್ನು ನೋಡೋಣ. ಹಣ ಕೇಂದ್ರದ್ದು. ಆದರೆ ಗ್ರಾಮೀಣ ಪ್ರದೇಶದ ಪ್ರಮಾಣಪತ್ರಕ್ಕೆ ಅರ್ಜಿದಾರರು ಬರುವುದು ನಿಮ್ಮ ಪಂಚಾಯಿತಿಗೆ. ಘಟಕ ಏಳುವುದೂ ಮುಚ್ಚುವುದೂ ನಿಮ್ಮ ಕಣ್ಣೆದುರಿಗೆ. ಹಳ್ಳಿಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ ಶೇಕಡಾ 35 ಸಹಾಯಧನವೆಂದು ನಿಯಮ ಮಾಡಲಾಯಿತು. ಈ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕವನ್ನು ಸ್ಥಳದಲ್ಲಿ ಪರಿಶೀಲಿಸಿದ ನಂತರ ಸಾಲಕ್ಕೆ ವಜಾ ಆಗುತ್ತದೆ. ಇದು ಐ.ಆರ್.ಡಿ.ಪಿ.ಯಿಂದ ಕಲಿತ ಪಾಠವೆಂದು ನನಗೆ ತೋರುತ್ತದೆ.

ಹಣದ ಕಾವಲು ಹೀಗೆ ಬಿಗಿಯಾಗಿದ್ದರೂ ಉದ್ಯೋಗದ ಎಣಿಕೆ ಬಿಗಿಯಾಗಿಲ್ಲ. 2021-22ರಲ್ಲಿ 1,03,219 ಘಟಕಗಳು, 8,25,752 ಉದ್ಯೋಗಗಳು ಎಂದು ಪ್ರಕಟವಾಯಿತು. ಭಾಗಿಸಿ ನೋಡಿ. ಸರಿಯಾಗಿ ಎಂಟು, ಶೇಷವೇ ಇಲ್ಲ. ಘಟಕಕ್ಕೆ ಎಂಟು ಮಂದಿ ಎಂದು ಅಂದಾಜಿಟ್ಟು ಗುಣಿಸಿದ್ದಾರೆ. ಇಡೀ ದೇಶಕ್ಕೆ ಒಂದು ಅಂದಾಜು ಬೇಕಾದೀತು, ಆಕ್ಷೇಪವಿಲ್ಲ. ಆದರೆ ನಿಮ್ಮ ಊರಿನ ಗಾಣದಲ್ಲಿ ಎಷ್ಟು ಜನ ಇದ್ದಾರೆಂದು ತಿಳಿಯಲು ಗುಣಾಕಾರವೇಕೆ? ಹೋಗಿ ನೋಡಿದರಾಯಿತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಮಹಿಳೆ 10 ಲಕ್ಷ ರೂಪಾಯಿಯ ಎಣ್ಣೆ ಗಾಣ ಹಾಕಿದರು, ಸಹಾಯಧನ 3,50,000. ಎಂಟು ಉದ್ಯೋಗವೆಂದರೆ ತಲಾ 43,750 ರೂಪಾಯಿ. ಅಗ್ಗವೇ ಸರಿ. ಈಗ ಗಾಣಕ್ಕೆ ಹೋಗಿ. ಆಕೆ ವರ್ಷಕ್ಕೆ 300 ದಿನ ದುಡಿಯುತ್ತಾರೆ. ಹೊಲದಲ್ಲಿ ಕೆಲಸವಿಲ್ಲದ 150 ದಿನ ಅವರ ಯಜಮಾನರು. ಕಡಲೆಕಾಯಿ ಬರುವ ಕಾಲದಲ್ಲಿ ಇಬ್ಬರು ಆಳುಗಳು, ತಲಾ 150 ದಿನ. ಒಟ್ಟು 750 ದಿನ. ಇತ್ತ ಗಿರಾಕಿ ಕಡಿಮೆಯಾಗಿ ಊರಿನ ಹಳೆಯ ಗಾಣದವರು ವರ್ಷಪೂರ್ತಿಯ ಒಬ್ಬ ಆಳನ್ನು ಬಿಟ್ಟಿದ್ದಾರೆ. 300 ದಿನ ಕಳೆಯಿರಿ. ಉಳಿದದ್ದು 450 ದಿನ, ಅಂದರೆ ಒಂದೂವರೆ ಉದ್ಯೋಗ. ತಲಾ ವೆಚ್ಚ 2,33,333 ರೂಪಾಯಿ.

ಇದರಿಂದ ಗಾಣ ಕೆಟ್ಟದ್ದೆಂದು ತೀರ್ಮಾನಿಸಬೇಡಿ. ಅದೇ 3,50,000ವನ್ನು ದಿನಕ್ಕೆ 350ರಂತೆ ಕೂಲಿ ಕೊಟ್ಟಿದ್ದರೆ 1,000 ದಿನದ ಕೆಲಸ ದೊರೆಯುತ್ತಿತ್ತು. ಗಾಣ ಎರಡು ವರ್ಷಕ್ಕೆ ನಿಂತರೆ 900 ದಿನ. ನಷ್ಟ, ಜೊತೆಗೆ ಆಕೆಯ ತಲೆಯ ಮೇಲೆ ಸಾಲ. ಮೂರು ವರ್ಷ ನಡೆದರೆ 1,350 ದಿನ. ಹತ್ತು ವರ್ಷ ನಡೆದರೆ 4,500 ದಿನ, ಮತ್ತು ದನಗಳಿಗೆ ಹಿಂಡಿ ಊರಲ್ಲೇ ಸಿಗುತ್ತದೆ. ಆದುದರಿಂದ ನೋಡಬೇಕಾದದ್ದು ಉದ್ಘಾಟನೆಯ ದಿನವಲ್ಲ, ಠೇವಣಿ ಬಿಡುಗಡೆಯಾದ ನಂತರದ ನಾಲ್ಕನೆಯ ವರ್ಷ. ಮುಚ್ಚಿದ ಘಟಕಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳಿ.

ಸಹಾಯಧನವಿಲ್ಲದಿದ್ದರೂ ಇವರು ಇದನ್ನು ಮಾಡುತ್ತಿದ್ದರೇ ಎಂಬ ಪ್ರಶ್ನೆ ಹೆಚ್ಚು ಕಷ್ಟದ್ದು. ಫಲಾನುಭವಿಯನ್ನೇ ಕೇಳಿದರೆ "ಇಲ್ಲ" ಎಂದೇ ಹೇಳುತ್ತಾರೆ. ಇಲ್ಲಿಯೇ ಗೊಬ್ಬರ ಹಾಕದ ಮಡಿ ಬೇಕು. ಅರ್ಜಿ ಹಾಕಿ ಮಂಜೂರಾಗದವರ ಮನೆಗೂ ಹೋಗಿ. ಅಂಥ ಹತ್ತು ಜನರಲ್ಲಿ ನಾಲ್ವರು ಸ್ವಂತ ಹಣದಿಂದಲೋ ಸಂಘದ ಸಾಲದಿಂದಲೋ ಉದ್ಯೋಗ ಹೂಡಿದ್ದರೆ, ಪಡೆದವರಲ್ಲೂ ಕೆಲವರು ಹಾಗೆಯೇ ಹೂಡುತ್ತಿದ್ದರು. ಅಷ್ಟನ್ನು ಸಹಾಯಧನದ ಫಲವೆನ್ನಲಾಗದು. ಮಂಜೂರಾಗದವರು ಮೊದಲಿನಿಂದಲೇ ಹೆಚ್ಚು ಬಡವರಾಗಿದ್ದರೆ ಹೋಲಿಕೆ ತಪ್ಪುತ್ತದೆ. ಜಮೀನು, ಓದು ಸಮವಾಗಿರುವವರನ್ನೇ ಆರಿಸಿಕೊಳ್ಳಬೇಕು.

ಪಂಚಾಯಿತಿ ತನ್ನ ನಿಧಿಯಿಂದ ಕೊಡುವ ಹೊಲಿಗೆ ಯಂತ್ರಗಳಿಗೂ ಇದೇ ಲೆಕ್ಕ. ಒಂದೇ ಊರಿಗೆ ಇಪ್ಪತ್ತು ಯಂತ್ರ ಕೊಟ್ಟರೆ ಹೊಲಿಸುವವರ ಸಂಖ್ಯೆ ಹೆಚ್ಚುವುದಿಲ್ಲ.

ಎಣಿಕೆಗೆ ಹೋಗುವವರಲ್ಲಿ ಅರ್ಜಿ ಬರೆಸಿಕೊಟ್ಟ ಮಧ್ಯವರ್ತಿಗಳು ಇರಬಾರದು. (ಅವರ ಉದ್ಯೋಗ ಮಾತ್ರ ನಿಸ್ಸಂದೇಹವಾಗಿ ಸೃಷ್ಟಿಯಾಗಿದೆ!) ಒಬ್ಬ ಸದಸ್ಯರು, ಸ್ವಸಹಾಯ ಸಂಘದ ಒಬ್ಬ ಮಹಿಳೆ, ಒಬ್ಬ ವಿಸ್ತರಣಾ ಕಾರ್ಯಕರ್ತರು ಸಾಕು. ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ ಹೋಗಲಿ. ದುಡಿದ ದಿನಗಳನ್ನು ಕೂಲಿಯವರಿಂದಲೂ ಬೇರೆಯಾಗಿ ಕೇಳಿ ಬರೆದುಕೊಂಡು, ಮುಂದಿನ ಗ್ರಾಮಸಭೆಯಲ್ಲಿ ಘಟಕದ ಮಾಲೀಕರ ಎದುರಿಗೇ ಓದಲಿ.