ದಮ್ಮಿನ ಸುಳಿವು ರಕ್ತದ ಚೀಟಿಯಲ್ಲಿ



ಕಮಠಾಣದ ಈ ಆರೋಗ್ಯ ಮೇಳ ಉದ್ಘಾಟಿಸಲು ಕರೆದಿದ್ದೀರಿ. ದಮ್ಮಿನ ಬಗ್ಗೆ, ಅದರಲ್ಲೂ ವೈದ್ಯರು ಸಿಒಪಿಡಿ ಎನ್ನುವ, ಹತ್ತಿದರೆ ಬಿಡದ ಶ್ವಾಸಕೋಶದ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಇದು ಬೀಡಿ ಸೇದುವವರಿಗಷ್ಟೇ ಬರುವುದಲ್ಲ. ತೊಗರಿ ಕಟ್ಟಿಗೆ, ಕುಳ್ಳು ಉರಿಸಿ ರೊಟ್ಟಿ ಬಡಿದವರ ಎದೆಗೆ ಹೋದ ಹೊಗೆಯೇನು ಕಡಿಮೆಯೇ? ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಹಳ್ಳಿಯ ಹೆಣ್ಣುಮಕ್ಕಳು ದಿನಕ್ಕೆ ಎಷ್ಟು ತಾಸು ಒಲೆಯ ಮುಂದಿದ್ದರು, ಎಷ್ಟು ವರ್ಷ ಇದ್ದರು ಎಂದು ಕೇಳಿ ಎರಡನ್ನೂ ಗುಣಿಸಿದರು. ಆ ಲೆಕ್ಕ 60 ಮುಟ್ಟಿದರೆ ಬಿಡದ ಕೆಮ್ಮು-ಕಫದ ಅಪಾಯ ಎದ್ದು ಕಾಣುತ್ತದೆ ಎಂದು 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಎರಡು ತಾಸು, ಮೂವತ್ತು ವರ್ಷ. ಇಲ್ಲಿ ಕೂತ ಅವ್ವಂದಿರೇ, ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ.

ಕಾಯಿಲೆ ಇದೆಯೋ ಇಲ್ಲವೋ ತಿಳಿಯಲು ಊದುವ ಪರೀಕ್ಷೆ, ಸ್ಪೈರೊಮೆಟ್ರಿಯೇ ಬೇಕು. ರಕ್ತ ಅದನ್ನು ಹೇಳದು. ಆದರೆ ಕಾಯಿಲೆ ಇದ್ದವರಿಗೆ ಯಾವ ಔಷಧ ಹಿಡಿಸೀತು, ಮುಂದೆ ಎಷ್ಟು ಕಾಡೀತು ಎಂಬ ಸುಳಿವು ರಕ್ತಕಣ ಎಣಿಸುವ ಸಾಮಾನ್ಯ ಸಿಬಿಸಿ ಪರೀಕ್ಷೆಯ ಚೀಟಿಯಲ್ಲೇ ಸಿಗುತ್ತದೆ. ಬಿಳಿ ರಕ್ತಕಣ 8000, ಅದರಲ್ಲಿ ಇಯೊಸಿನೊಫಿಲ್ ಎಂಬ ಬಗೆಯ ಕಣ ಶೇ. 4 ಎಂದಿದ್ದರೆ 320 ಆಯಿತು. ಇದು 300 ದಾಟಿದ್ದು, ಮೇಲಿಂದ ಮೇಲೆ ದಮ್ಮು ಕೆರಳುವವರಿಗೆ ಸ್ಟೀರಾಯ್ಡ್ ಬೆರೆತ ಪಂಪು ಚೆನ್ನಾಗಿ ಕೆಲಸ ಮಾಡುತ್ತದೆ. 100ಕ್ಕಿಂತ ಕಡಿಮೆ ಇದ್ದವರಿಗೆ ಅದರಿಂದ ಲಾಭ ಅಪರೂಪ, ಮೇಲಾಗಿ ನ್ಯುಮೋನಿಯಾದ ಭಯ. ಮಗ್ಗುಲ ಮನೆಯವರ ಪಂಪು ತಂದು ಎಳೆಯಬೇಡಿ ಎಂದು ಕೈಮುಗಿದು ಕೇಳುವುದು ಇದಕ್ಕೇ.

ಹೊಟ್ಟೆಹುಳು, ಅಲರ್ಜಿ ಇದ್ದರೂ ಈ ಇಯೊಸಿನೊಫಿಲ್ ಏರುತ್ತದೆ. ಸ್ಟೀರಾಯ್ಡ್ ಗುಳಿಗೆ ನುಂಗಿದ್ದರೆ ಇಳಿಯುತ್ತದೆ. ಏನು ನುಂಗಿದ್ದೀರಿ ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.

ಅದೇ ಚೀಟಿಯಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣ ಲಿಂಫೊಸೈಟ್ ಎಂಬ ಇನ್ನೊಂದು ಬಿಳಿ ಕಣಕ್ಕಿಂತ ಎಷ್ಟು ಪಟ್ಟು ಹೆಚ್ಚಿದೆ ಎಂಬುದನ್ನೂ ನೋಡಬೇಕು. ಅದು ಏರಿದವರಲ್ಲಿ ದಮ್ಮು ಕೆರಳುವುದು, ಸಾವು ಎರಡೂ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಅದೊಂದನ್ನೇ ನೋಡಿ ಯಾರೂ ಎದೆಗುಂದಬೇಕಿಲ್ಲ, ಸೋಂಕು ತಗುಲಿದಾಗಲೂ ಅದು ಏರುತ್ತದೆ. ಚೀಟಿಯಲ್ಲಿ ಹಿಮೋಗ್ಲೋಬಿನ್ ಕೂಡ ಇರುತ್ತದೆ; ಅದು ಇಳಿದವರಿಗೆ ನಾಲ್ಕು ಹೆಜ್ಜೆಗೇ ದಮ್ಮು ಹತ್ತುತ್ತದೆ. ಇದಕ್ಕಂತೂ ಚಿಕಿತ್ಸೆ ಇದೆ. ವಯಸ್ಸಾಯಿತು ಎಂದು ಸುಮ್ಮನೆ ಕೂತ ತಾಯಂದಿರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಳೆಯ ಚೀಟಿ ತಂದವರು ಮೊದಲ ಮೇಜಿಗೆ ಹೋಗಿ ತೋರಿಸಿ. ಊದುವ ಪರೀಕ್ಷೆ ಅದರ ಪಕ್ಕದಲ್ಲಿದೆ. ಒಲೆಯ ಮುಂದೆ ಬಹಳ ವರ್ಷ ಕೂತವರಿಗೆ ಮೊದಲ ಸರದಿ ಕೊಡಿ. ಮೇಳ ಶುರುವಾಗಲಿ.