ಬೈಲುಗದ್ದೆಯ ವಾರಸುದಾರರು ಯಾರು?

(ಮಿಜಾರಿನಲ್ಲಿ ಕೃಷಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೇಗವಾಗಿ ಕೈಗಾರಿಕೀಕರಣಗೊಳ್ಳುತ್ತಿರುವ ದೇಶದಲ್ಲಿ ಕೃಷಿಯ ಗತಿಯೇನು, ಸರಕಾರದ ಕೃಷಿನೀತಿ ಯಾವ ದಾರಿ ಹಿಡಿಯುತ್ತದೆ ಎಂಬ ವಿಷಯವನ್ನು ನನಗೆ ವಹಿಸಲಾಗಿದೆ. ವಿಷಯ ದೊಡ್ಡದು. ಆದರೆ ಮಿಜಾರಿನಲ್ಲಿ ನಿಂತು ಇದನ್ನು ವಿವರಿಸಲು ದೊಡ್ಡ ಗ್ರಂಥಗಳ ಅಗತ್ಯವಿಲ್ಲ. 2020ರ ಫೆಬ್ರವರಿಯಲ್ಲಿ ಈ ಊರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕೋಣಗಳೊಂದಿಗೆ ಓಡಿದ್ದರು. ಉಸೇನ್ ಬೋಲ್ಟ್ ಜೊತೆ ಹೋಲಿಕೆ ನಡೆಯಿತು, ಚರ್ಚೆಯಾಯಿತು, ಸನ್ಮಾನಗಳಾದವು. ಆ ಎಲ್ಲ ಗದ್ದಲದ ನಡುವೆ ಒಂದು ಸಂಗತಿಯನ್ನು ಹೆಚ್ಚಿನವರು ಗಮನಿಸಲಿಲ್ಲ. ಕೆಸರುಗದ್ದೆಯ ಆ ವೀರನ ದಿನದ ಅನ್ನ ಗದ್ದೆಯಿಂದ ಬರುತ್ತಿರಲಿಲ್ಲ. ಅವರು ಕಟ್ಟಡ ನಿರ್ಮಾಣದ ಕೆಲಸ ಮಾಡುತ್ತಿದ್ದರು. ನಮ್ಮ ಜಿಲ್ಲೆಯ ಅರ್ಧ ಶತಮಾನದ ಕೃಷಿ ಇತಿಹಾಸ ಈ ಒಂದು ಮಾತಿನೊಳಗೇ ಇದೆ.

ದೇಶವೊಂದು ಕಾರ್ಖಾನೆಗಳತ್ತ ಸಾಗಿದಂತೆ ಒಟ್ಟು ಆದಾಯದಲ್ಲಿ ಕೃಷಿಯ ಪಾಲು ಕುಗ್ಗುತ್ತದೆ. ಇದರಲ್ಲಿ ಅಚ್ಚರಿಯೇನಿಲ್ಲ. ಮನುಷ್ಯನ ಸಂಪಾದನೆ ಎರಡು ಪಟ್ಟಾದರೆ ಅವನು ಎರಡು ಪಟ್ಟು ಅನ್ನ ಉಣ್ಣುವುದಿಲ್ಲ. ಪ್ರಶ್ನೆ ಇರುವುದು ಬೇರೆಡೆ. ಆದಾಯದ ಪಾಲು ಕುಗ್ಗಿದ ವೇಗದಲ್ಲಿಯೇ ಗದ್ದೆಯಲ್ಲಿದ್ದ ಜನರಿಗೆ ಬೇರೆ ಕೆಲಸ ಸಿಗುತ್ತದೆಯೇ? ಜಪಾನಿನಲ್ಲಿ ಸಿಕ್ಕಿತು. ಯುದ್ಧಾನಂತರ, 1946ರ ಬಳಿಕ, ಅಲ್ಲಿ ಭೂಮಾಲಕರ ಜಮೀನು ಗೇಣಿದಾರರ ಕೈಸೇರಿತು. ಅವರ ಮಕ್ಕಳನ್ನು ಕಾರ್ಖಾನೆಗಳು ಕರೆದುಕೊಂಡವು. ಅನಂತರ ಸರಕಾರವು ಅಕ್ಕಿಗೆ ಎಷ್ಟು ಉತ್ತಮ ಬೆಲೆ ಕೊಟ್ಟಿತೆಂದರೆ ಅಕ್ಕಿ ರಾಶಿ ಬಿದ್ದು, 1970ರಿಂದ ಭತ್ತ ಬೆಳೆಯುವುದನ್ನು ಕಡಿಮೆ ಮಾಡಿರೆಂದು ರೈತರಿಗೆ ಹಣ ಕೊಡಬೇಕಾಯಿತು. ಆ ಪದ್ಧತಿ 2018ರ ವರೆಗೂ ನಡೆಯಿತು. ದಕ್ಷಿಣ ಕೊರಿಯಾ 1950ರಲ್ಲಿ ಭೂಸುಧಾರಣೆ ಮಾಡಿ, ಅನಂತರ ಕೈಗಾರಿಕೆ ಕಟ್ಟಿತು. ಚೀನಾ 1978ರ ಬಳಿಕ ಕಮ್ಯೂನುಗಳ ಭೂಮಿಯನ್ನು ಕುಟುಂಬಗಳ ಸಾಗುವಳಿಗೆ ವಹಿಸಿತು. 2006ರಲ್ಲಿ ಕೃಷಿ ತೆರಿಗೆಯನ್ನೇ ರದ್ದುಪಡಿಸಿತು. ಈ ದೇಶಗಳೆಲ್ಲ ಬಡವಾಗಿದ್ದಾಗ ರೈತನಿಂದ ಪಡೆದವು, ಶ್ರೀಮಂತವಾದಾಗ ರೈತನಿಗೆ ಕೊಟ್ಟವು.

ಭಾರತದಲ್ಲಿ ಏನಾಯಿತು? ಸ್ವಾತಂತ್ರ್ಯದ ಆರಂಭದ ವರ್ಷಗಳಲ್ಲಿ ರಾಷ್ಟ್ರೀಯ ಆದಾಯದ ಸುಮಾರು ಅರ್ಧದಷ್ಟು ಕೃಷಿಯಿಂದ ಬರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಅದು ಶೇ. 18ರ ಆಸುಪಾಸಿನಲ್ಲಿದೆ. ಆದರೆ ಸರಕಾರದ್ದೇ 2023-24ರ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಶೇ. 46 ಮಂದಿ ಇಂದಿಗೂ ಕೃಷಿಯನ್ನೇ ನಂಬಿದ್ದಾರೆ. ಅಂದರೆ ನೂರು ರೂಪಾಯಿಯಲ್ಲಿ ಹದಿನೆಂಟು ರೂಪಾಯಿಯನ್ನು ನೂರರಲ್ಲಿ ನಲವತ್ತಾರು ಮಂದಿ ಹಂಚಿಕೊಳ್ಳಬೇಕು. ರೈತನ ಮಗ ರೈತನಾಗಲು ಒಪ್ಪದಿರುವುದಕ್ಕೆ ಸೋಮಾರಿತನ ಕಾರಣವೆಂದು ಉಪದೇಶಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇಷ್ಟಾಗಿಯೂ ದಕ್ಷಿಣ ಕನ್ನಡದ ಕಥೆ ಉಳಿದ ಭಾರತದ ಕಥೆಯಂತಲ್ಲ. ಕಾಗದದ ಮೇಲೆ ಎಲ್ಲ ರಾಜ್ಯಗಳಲ್ಲೂ ಭೂಸುಧಾರಣೆಯಾಗಿದೆ. ನೆಲದ ಮೇಲೆ ಆದದ್ದು ಕೇರಳ, ಪಶ್ಚಿಮ ಬಂಗಾಳದಂತಹ ಕೆಲವೇ ಕಡೆ, ಹಾಗೂ ಕರ್ನಾಟಕದಲ್ಲಿ ಮುಖ್ಯವಾಗಿ ನಮ್ಮ ಕರಾವಳಿಯಂತಹ ಗೇಣಿ ಪ್ರದೇಶಗಳಲ್ಲಿ. ಇಲ್ಲಿ ಮೂಲಗೇಣಿ, ಚಾಲಗೇಣಿ ಎಂಬ ಎರಡು ಬಗೆಯ ಒಕ್ಕಲುತನವಿತ್ತು. ಮೂಲಗೇಣಿದಾರನಿಗೆ ಸ್ವಲ್ಪ ಭದ್ರತೆ. ಚಾಲಗೇಣಿದಾರನ ಪಾಡು ಧಣಿಯ ಮರ್ಜಿಯಲ್ಲಿತ್ತು. ಮಳೆ ಬರಲಿ, ಬಾರದಿರಲಿ, ಇಷ್ಟು ಮುಡಿ ಅಕ್ಕಿ ಧಣಿಯ ಮನೆಗೆ ಸಂದಾಯವಾಗಲೇಬೇಕು. ಬ್ಯಾರಿ ಸಮುದಾಯದವರೆಂದರೆ ವ್ಯಾಪಾರಿಗಳು ಎಂದು ಹೊರಗಿನವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಒಳನಾಡಿನ ಈ ಗ್ರಾಮಗಳಲ್ಲಿ ಬ್ಯಾರಿಗಳಲ್ಲಿ ಅನೇಕರು ಬಿಲ್ಲವ, ಗೌಡ, ಕ್ರೈಸ್ತ ನೆರೆಹೊರೆಯವರಂತೆಯೇ ಚಾಲಗೇಣಿ ಒಕ್ಕಲುಗಳಾಗಿದ್ದರು.

ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು. ಗೇಣಿ ಜಮೀನು ಸರಕಾರದಲ್ಲಿ ನಿಹಿತವಾಯಿತು. ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು, ತಾನು ಉಳುವವನೆಂದು ಹೇಳಬೇಕಿತ್ತು. ಅರ್ಜಿಯ ಕೊನೆಯ ದಿನಾಂಕ ಮುಂದೂಡುತ್ತ 1979ರ ಜೂನ್ 30ರ ವರೆಗೆ ಬಂತು. ಧಣಿಯ ಎದುರು ಕುಳಿತುಕೊಳ್ಳಲೂ ಹೆದರುತ್ತಿದ್ದವರು ಅಧಿಕಾರಿಗಳ ಎದುರು ಧಣಿಯ ವಿರುದ್ಧ ಸಾಕ್ಷ್ಯ ಹೇಳಿದರು. ರಕ್ತ ಹರಿಯದೆ ಇಷ್ಟು ದೊಡ್ಡ ಬದಲಾವಣೆಯಾದದ್ದು ಸಾಮಾನ್ಯ ಸಂಗತಿಯಲ್ಲ. ಸಣ್ಣಪುಟ್ಟ ಹಿಡುವಳಿಯ ಗೇಣಿಯಿಂದಲೇ ಬದುಕುತ್ತಿದ್ದ ಕೆಲವು ವಿಧವೆಯರೂ ವೃದ್ಧರೂ ಇದರಲ್ಲಿ ನೊಂದದ್ದುಂಟು, ಅದನ್ನು ಮರೆಮಾಚಬೇಕಿಲ್ಲ. ಆದರೆ ಈ ಜಿಲ್ಲೆಯ ಬಡವನ ಮನೆಯಲ್ಲಿ ಶಾಲೆಗೆ ಹೋದ ಮೊದಲ ತಲೆಮಾರು ಹೆಚ್ಚಾಗಿ ಆ ಡಿಕ್ಲರೇಶನ್ ಜಮೀನಿನ ಬಲದಿಂದಲೇ ಹೋಯಿತು.

ಬಳಿಕ ನಡೆದದ್ದು ಕಾನೂನು ಮಾಡಿದವರು ಊಹಿಸಿದಂತಿರಲಿಲ್ಲ. ಭೂಮಿ ಸಿಕ್ಕಿದವನ ಮಗ ಭೂಮಿಯಲ್ಲಿ ನಿಲ್ಲಲಿಲ್ಲ. ಮುಂಬಯಿಯ ಹೋಟೆಲು, ಬ್ಯಾಂಕು, ಕೊಲ್ಲಿ ರಾಷ್ಟ್ರಗಳು ಅವನನ್ನು ಕರೆದವು. ಜಪಾನಿನಲ್ಲಿ ರೈತನ ಮಗನನ್ನು ಅಲ್ಲಿನದೇ ಕಾರ್ಖಾನೆ ಕರೆದುಕೊಂಡಿತು. ನಮ್ಮವನನ್ನು ಕರೆದುಕೊಂಡದ್ದು ದುಬೈ, ದಮ್ಮಾಮ್. ಏಣೇಲು, ಸುಗ್ಗಿ, ಕೊಳಕೆ ಎಂದು ಬೈಲುಗದ್ದೆಯಲ್ಲಿ ಮೂರು ಬೆಳೆ ತೆಗೆಯುತ್ತಿದ್ದ ಊರಲ್ಲಿ ಮೊದಲು ಕೊಳಕೆ ನಿಂತಿತು, ಅನಂತರ ಸುಗ್ಗಿ. ಈಗ ಏಣೇಲು ಬೇಸಾಯ ಮಾಡುವವರನ್ನೂ ಬೆರಳೆಣಿಸಿ ಹೇಳಬಹುದು. ನೇಜಿ ನೆಡಲು ಜನವಿಲ್ಲ. ಸಿಕ್ಕಿದರೆ ಕೂಲಿ ಕೊಟ್ಟು ಉಳಿಯುವುದಿಲ್ಲ.

ಸರಕಾರದ ನೀತಿಗೂ ಇದರಲ್ಲಿ ಪಾಲಿದೆ. 1965ರಲ್ಲಿ ಭಾರತೀಯ ಆಹಾರ ನಿಗಮವನ್ನೂ ಕೃಷಿ ಬೆಲೆ ಆಯೋಗವನ್ನೂ ಸ್ಥಾಪಿಸಿದಾಗ ದೇಶ ಹಸಿವಿನಲ್ಲಿತ್ತು. ಪಂಜಾಬು, ಹರಿಯಾಣಗಳ ಗೋಧಿ ಮತ್ತು ಅಕ್ಕಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರ ಅಂಗಡಿಗೆ ತಲುಪಿಸುವ ವ್ಯವಸ್ಥೆ ಅದು. ದೇಶದ ಹೊಟ್ಟೆ ತುಂಬಿತು, ನಿಜ. ಆದರೆ ಕುಚ್ಚಲಕ್ಕಿ ಉಣ್ಣುವ, ಎಂಒ4 ಭತ್ತ ಬೆಳೆಯುವ ಕರಾವಳಿಗೆ ಆ ಅಂಗಿ ಹೊಂದಲಿಲ್ಲ. ಇಲ್ಲಿನ ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಸಣ್ಣ ರೈತ ತನ್ನ ಭತ್ತವನ್ನು ಮಿಲ್ಲಿಗೆ ಕೊಟ್ಟು ಮುಗಿಸಿರುತ್ತಾನೆಂಬುದು ವರ್ಷ ವರ್ಷದ ದೂರು. ಇತ್ತ ಪಡಿತರ ಅಂಗಡಿಯಲ್ಲಿ ಹಲವು ಬಾರಿ ಸಿಗುವುದು ಬೆಳ್ತಿಗೆ ಅಕ್ಕಿ. ಕುಚ್ಚಲಕ್ಕಿ ಬೆಳೆದವನೇ ಅದನ್ನು ದುಡ್ಡು ಕೊಟ್ಟು ಅಂಗಡಿಯಿಂದ ತರುತ್ತಾನೆ.

ಹೀಗಾಗಿ ಗದ್ದೆಯಲ್ಲಿ ಅಡಿಕೆ ಬಂತು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಹುಟ್ಟಿದ ಕ್ಯಾಂಪ್ಕೊ ಬೆಳೆಗಾರನಿಗೆ ಒಂದು ಆಸರೆಯಾಯಿತು. ವರ್ತಕನು ಹೇಳಿದ್ದೇ ಬೆಲೆ ಎಂಬ ಕಾಲ ಹೋಯಿತು. ಭತ್ತಕ್ಕೆ ಬೆಂಬಲ ಬೆಲೆಯಿದೆ, ಆದರೆ ನಮಗದು ತಲುಪುವುದಿಲ್ಲ. ಅಡಿಕೆಗೆ ಬೆಂಬಲ ಬೆಲೆಯೇ ಇಲ್ಲ, ಆದರೆ ಬಂದರಿನಲ್ಲಿ ತಡೆಗೋಡೆಯಿದೆ. ಕನಿಷ್ಠ ಆಮದು ದರವನ್ನು 2017ರಲ್ಲಿ ಕಿಲೋವೊಂದಕ್ಕೆ 251 ರೂಪಾಯಿಗೂ 2023ರಲ್ಲಿ 351 ರೂಪಾಯಿಗೂ ಏರಿಸಲಾಯಿತು. ಆ ಗೋಡೆಯ ಕೀಲಿಕೈ ದಿಲ್ಲಿಯಲ್ಲಿದೆ ಎಂಬುದು 2022ರಲ್ಲಿ ಅರಿವಾಯಿತು. ಆ ವರ್ಷ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಲು ಅನುಮತಿ ನೀಡಲಾಯಿತು. ಇನ್ನೊಂದು ಕಹಿ ಸತ್ಯವೂ ಇದೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯೊಂದು 2004ರಲ್ಲಿಯೇ ಪ್ರಕಟಿಸಿದೆ. ಇಡೀ ಜಿಲ್ಲೆಯ ಬದುಕನ್ನು ಇಂತಹ ಒಂದೇ ಬೆಳೆಗೆ ಕಟ್ಟಿಹಾಕುವುದು ವಿವೇಕವೇ ಎಂದು ಕೇಳುವವರನ್ನು ಅಡಿಕೆಯ ವೈರಿಗಳೆಂದು ಬೈಯುವುದರಿಂದ ಪ್ರಯೋಜನವಿಲ್ಲ. ಇದರ ಜೊತೆಗೆ ನೀರಿನ ಮಾತೂ ಇದೆ. ಮಳೆಗಾಲವಿಡೀ ನೀರು ನಿಲ್ಲುತ್ತಿದ್ದ ಬೈಲನ್ನು ಮಣ್ಣು ತುಂಬಿ ಎತ್ತರಿಸಿದರೆ ಎಪ್ರಿಲ್‌ನಲ್ಲಿ ಪಕ್ಕದ ಮನೆಯ ಬಾವಿ ಒಣಗುತ್ತದೆ. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಗುಡ್ಡಕ್ಕೆ ಒಂಟಿಯಾಗಿ ಸುರಂಗ ಕೊರೆದು ನೀರು ತಂದದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ನೂರಾರು ಭತ್ತದ ತಳಿಗಳನ್ನು ಉಳಿಸಿದ ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರಿಗೆ 2024ರಲ್ಲಿ ಬಂತು. ಪ್ರಶಸ್ತಿ ಕೊಡುವ ಸರಕಾರ ಆ ದಾರಿಯಲ್ಲಿ ನಡೆಯುವ ರೈತನಿಗೆ ಏನು ಕೊಡುತ್ತದೆ ಎಂದು ಯಾರೂ ಕೇಳಲಿಲ್ಲ.

ಇನ್ನು ಕಾರ್ಖಾನೆಗೆ ಬರೋಣ. ಪಣಂಬೂರಿನ ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಮರುವರ್ಷ ಪಕ್ಕದಲ್ಲೇ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಬಳಿಕ ತೈಲಾಗಾರ, ಅನಂತರ ವಿಶೇಷ ಆರ್ಥಿಕ ವಲಯ. ಪ್ರತಿಯೊಂದಕ್ಕೂ ಒಂದಷ್ಟು ಊರುಗಳು ಜಾಗ ಬಿಟ್ಟವು. ಅವರ ಕೈಯಲ್ಲಿದ್ದದ್ದು ಅಂದಿನ ಭೂಸ್ವಾಧೀನ ಕಾನೂನುಗಳು. ಅವುಗಳಲ್ಲಿ ರೈತನ ಒಪ್ಪಿಗೆಗೆ ಸ್ಥಾನವಿರಲಿಲ್ಲ. ಮೊದಲು 1974ರಲ್ಲಿ ಭೂಮಿ ಕೊಟ್ಟ ಸರಕಾರ, ಮೂರು ದಶಕಗಳ ಬಳಿಕ ಅದೇ ಒಕ್ಕಲಿನ ಮಕ್ಕಳ ಮನೆಗೆ ನೋಟೀಸು ಕಳುಹಿಸಿತು. ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕೆ ಕುತ್ತೆತ್ತೂರು, ಪೆರ್ಮುದೆ ಮುಂತಾದೆಡೆ ಗುರುತಿಸಿದ್ದ ಜಮೀನನ್ನು ಜನರ ಹೋರಾಟದ ಬಳಿಕ ಕೈಬಿಡಬೇಕಾಯಿತು.

2013ರಲ್ಲಿ ಸರದಿ ನಿಮ್ಮ ನೆರೆಯ ನಿಡ್ಡೋಡಿಯದ್ದು. ಅಲ್ಲಿ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಸಮೀಕ್ಷೆಗೆ ಬಂದ ಅಧಿಕಾರಿಗಳ ತಂಡವನ್ನು ಊರವರು ತಡೆದರು. ಹಿಂದೂ, ಕ್ರೈಸ್ತ, ಮುಸ್ಲಿಮ್ ಎಂಬ ಭೇದ ಅಲ್ಲಿರಲಿಲ್ಲ. ಹಾರುಬೂದಿಗೂ ಆ ಭೇದವಿಲ್ಲವಷ್ಟೆ. ಸ್ಥಾವರ ಬರಲಿಲ್ಲ. ಬೆಂಗಳೂರಿನ ಬಳಿ ದೇವನಹಳ್ಳಿಯ 1,777 ಎಕರೆಗಳ ಸ್ವಾಧೀನವನ್ನು ಸಾವಿರಕ್ಕೂ ಹೆಚ್ಚು ದಿನಗಳ ಧರಣಿಯ ಬಳಿಕ 2025ರ ಜುಲೈಯಲ್ಲಿ ರಾಜ್ಯ ಸರಕಾರ ಕೈಬಿಟ್ಟದ್ದೂ ಇಂತಹುದೇ. ಹಾಗೆಂದು ಕೈಗಾರಿಕೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳು ಇಂಜಿನಿಯರಿಂಗ್ ಓದುತ್ತಿರುವುದು ಗದ್ದೆ ಉಳಲಿಕ್ಕಲ್ಲ. ಬೇಕಿರುವುದು ರೈತನನ್ನು ಕೇಳಿ ಮಾಡುವ ಕ್ರಮ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯಲ್ಲಿ ಅದಕ್ಕೆ ಸ್ಥಾನವಿದೆ. ಖಾಸಗಿ ಯೋಜನೆಗೆ ಶೇ. 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು. ಗ್ರಾಮಾಂತರದಲ್ಲಿ ಪರಿಹಾರ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನ ವರೆಗೆ ಆಗಬಹುದು.

ಮುಂಬಾಗಿಲು ಹೀಗೆ ಭದ್ರವಾದಾಗ ಹಿಂಬಾಗಿಲು ತೆರೆಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ 79ಎ, 79ಬಿ ಕಲಮುಗಳು ಭೂಸುಧಾರಣಾ ಕಾಯ್ದೆಯಲ್ಲಿದ್ದವು. ಆದಾಯದ ಮಿತಿಯನ್ನು 1995ರಲ್ಲಿ 2 ಲಕ್ಷಕ್ಕೆ, 2015ರಲ್ಲಿ 25 ಲಕ್ಷಕ್ಕೆ ಏರಿಸಲಾಯಿತು. 2020ರಲ್ಲಿ ಆ ಕಲಮುಗಳನ್ನೇ ತೆಗೆದುಹಾಕಲಾಯಿತು. ಅದೇ ವರ್ಷ ಕೇಂದ್ರ ತಂದ ಮೂರು ಕೃಷಿ ಕಾಯ್ದೆಗಳನ್ನು ದಿಲ್ಲಿಯ ಗಡಿಯಲ್ಲಿ ಕುಳಿತ ರೈತರು 2021ರ ನವೆಂಬರ್‌ನಲ್ಲಿ ರದ್ದುಗೊಳಿಸಿದರು. ಕರ್ನಾಟಕದ ಈ ತಿದ್ದುಪಡಿಗೆ ಮಾತ್ರ ಅಂತಹ ಗತಿ ಬರಲಿಲ್ಲ. ಕೊಲ್ಲಿಯಿಂದ ಮರಳಿದವರಿಗೆ ಜಾಗ ಕೊಳ್ಳಲು ಸುಲಭವಾಯಿತೆಂದು ನಮ್ಮಲ್ಲೂ ಕೆಲವರು ಸಂತೋಷಪಟ್ಟರು. ಆದರೆ ಒಂದೆಕ್ರೆ ಕೊಳ್ಳುವ ನಮ್ಮವನ ಜೊತೆಗೆ ನೂರೆಕ್ರೆ ಕೊಳ್ಳುವವನೂ ಅದೇ ಬಾಗಿಲಿನಿಂದ ಒಳಬಂದಿದ್ದಾನೆ.

ಕೊನೆಯದಾಗಿ, ನಮ್ಮ ಮನೆಯೊಳಗಿನ ಒಂದು ವಿಷಯ. ಸರಕಾರದ ನೀತಿಯನ್ನು ಟೀಕಿಸುವುದು ಸುಲಭ, ಇದು ಸ್ವಲ್ಪ ಕಷ್ಟ. ಡಿಕ್ಲರೇಶನ್ ಕಾಲದಲ್ಲಿ ಅರ್ಜಿ ಹೆಚ್ಚಾಗಿ ಮನೆಯ ಒಬ್ಬ ಗಂಡಸಿನ ಹೆಸರಿನಲ್ಲಿತ್ತು. ಆ ಜಮೀನು ಅವನೊಬ್ಬನದ್ದೇ, ಅಲ್ಲ ಕುಟುಂಬದ್ದೇ ಎಂಬ ವ್ಯಾಜ್ಯಗಳು ಇನ್ನೂ ಮುಗಿದಿಲ್ಲ. 1937ರ ಶರೀಅತ್ ಅನ್ವಯ ಕಾಯ್ದೆಯು ಕೃಷಿಭೂಮಿಯನ್ನು ಹೊರಗಿಟ್ಟಿತ್ತು. ಮದ್ರಾಸ್ ಪ್ರಾಂತ್ಯವು 1949ರ ತಿದ್ದುಪಡಿಯಲ್ಲಿ ಅದನ್ನೂ ಒಳಗೆ ತಂದಿತು. ಆಗ ನಮ್ಮ ಜಿಲ್ಲೆ ಮದ್ರಾಸಿನಲ್ಲಿತ್ತು. ಅಂದರೆ ಗದ್ದೆ, ತೋಟಗಳಲ್ಲಿ ಮಗಳಿಗೆ ಧರ್ಮವೂ ಪಾಲು ಕೊಟ್ಟಿದೆ, ಕಾನೂನೂ ಕೊಟ್ಟಿದೆ. ಆದರೆ ಪೌತಿ ಖಾತೆ ಮಾಡುವಾಗ ವಂಶವೃಕ್ಷದಲ್ಲಿ ಅವಳ ಹೆಸರು ಎಷ್ಟು ಮನೆಗಳಲ್ಲಿದೆ? ಮದುವೆಗೆ ಖರ್ಚು ಮಾಡಿದ್ದೇವಲ್ಲ ಎನ್ನುತ್ತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಎಷ್ಟು ಮನೆಗಳಲ್ಲಿ ನಡೆದಿದೆ? ಗಂಡ ಕೊಲ್ಲಿಯಲ್ಲಿ, ಮಗ ಬೆಂಗಳೂರಿನಲ್ಲಿ. ತೋಟಕ್ಕೆ ನೀರು ಬಿಡುವವಳು, ಅಡಿಕೆ ಹೆಕ್ಕಿಸುವವಳು, ಬೋರ್ಡೋ ದ್ರಾವಣ ಸಿಂಪಡಿಸಲು ಜನ ಗೊತ್ತುಮಾಡುವವಳು ಹೆಣ್ಣು. ಪಹಣಿಯಲ್ಲಿ ಮಾತ್ರ ಅವಳಿಲ್ಲ.

ಇದು ಕೇವಲ ಮನೆಯ ನ್ಯಾಯದ ಪ್ರಶ್ನೆಯಲ್ಲ. 2019ರಲ್ಲಿ ಆರಂಭವಾದ ಕಿಸಾನ್ ಸಮ್ಮಾನ್ ಯೋಜನೆಯ ವಾರ್ಷಿಕ 6,000 ರೂಪಾಯಿ, ಸಹಕಾರಿ ಸಂಘದ ಬೆಳೆಸಾಲ, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ, ಎಲ್ಲದರ ಬುಡದಲ್ಲಿಯೂ ಪಹಣಿಯಿದೆ. ನಿಮ್ಮೂರ ಮುಂದೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 169ರ ಅಗಲೀಕರಣದಂತಹ ಕಾಮಗಾರಿಯಲ್ಲಿ ಪರಿಹಾರಧನಕ್ಕೂ ಅದೇ ಆಧಾರ. ಇಂದು ಮನೆಗೆ ಹೋದ ಮೇಲೆ ಪಹಣಿಯ 9ನೇ ಕಾಲಂ ತೆರೆದು ನೋಡಿರಿ. ಅಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಬಹುದು. ವಂಶವೃಕ್ಷ ಬರೆಯುವಾಗ ಸಹೋದರಿಯರನ್ನೂ ಸೇರಿಸಿ ಬರೆಯಿರಿ. ಸಮಯ ಮೀರಿದೆ. ಪ್ರಶ್ನೆಗಳಿದ್ದರೆ ಕೇಳಬಹುದು, ಹಿಂದಿನ ಸಾಲಿನಲ್ಲಿರುವ ಸಹೋದರಿಯರು ಮೊದಲು ಕೇಳಲಿ.